ಎದುರುಮನೆ ಅಣ್ಣನ ಮೊಣಕೈ

ಕಳೆದ ತಿಂಗಳು ತುರುವೇಕೆರೆಯಿಂದ ತಿಪಟೂರಿಗೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ಮಂಡಿಗೆ ಎಣ್ಣೆ ಸವರಿಕೊಂಡು ಕೂತಿದ್ದರು. ಬಿಸಿ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿದ ವಾಸನೆ. ಕಿಟಕಿ ತೆಗೆದೆ, ಹೋಗಲಿಲ್ಲ. ಎದ್ದು ಹಿಂದಿನ ಸೀಟಿಗೆ ಹೋದೆ, ಅಲ್ಲಿಗೂ ಬಂತು. ನಮ್ಮ ಎದುರುಮನೆ ಅಣ್ಣ ದಿನಾ ಬೆಳಿಗ್ಗೆ ಬಲ ಮೊಣಕೈಗೆ ಇದೇ ಎಣ್ಣೆ ಉಜ್ಜಿಕೊಂಡು ಬೌಲಿಂಗಿಗೆ ಬರುತ್ತಿದ್ದ. ಅವನ ಬಾಲು ಹಿಡಿದು ಹಿಡಿದು ನನ್ನ ಕೀಪಿಂಗ್ ಗ್ಲೌಸಿಗೂ ಅದು ಅಂಟಿಕೊಂಡಿತ್ತು...

ಅಣ್ಣ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದ. ಕೊಬ್ಬರಿಯನ್ನು ಕೈಗೆತ್ತಿಕೊಂಡು ನೋಡಿ, ಒಳ್ಳೆಯದು ಒಂದು ಕಡೆ, ಕಪ್ಪು ಹಿಡಿದದ್ದು ಇನ್ನೊಂದು ಕಡೆ ಹಾಕುವುದು. ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಕ್ರಿಕೆಟ್. ನಮ್ಮ ಮೈದಾನದಲ್ಲಿ ಹುಲ್ಲಿನ ಪಿಚ್ ಇರಲಿಲ್ಲ. ತೆಂಗಿನ ನಾರಿನ ಮ್ಯಾಟು ಹಾಸಿ, ಅಂಚಿಗೆ ಮೊಳೆ ಹೊಡೆದು ಆಡುತ್ತಿದ್ದೆವು. ಆ ಮ್ಯಾಟಿನ ಮೇಲೆ ಅವನ ಆಫ್ ಸ್ಪಿನ್ ಹಾವಿನ ಹಾಗೆ ತಿರುಗುತ್ತಿತ್ತು. ಎಂಟು ವರ್ಷ ಸ್ಟಂಪಿನ ಹಿಂದೆ ಕೂತು ಅದನ್ನು ನೋಡಿದವನು ನಾನು.

ಅವನಿಗೆ ಹತ್ತು ವರ್ಷವಿದ್ದಾಗ ಕಾಯಿ ತುಂಬಿದ ಗಾಡಿಯ ಮೇಲಿಂದ ಬಿದ್ದು ಮೊಣಕೈ ಮುರಿದಿತ್ತಂತೆ. ನಾಟಿ ವೈದ್ಯರು ಬಿದಿರಿನ ಪಟ್ಟಿ ಕಟ್ಟಿದರು. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ. ಅಲ್ಲಿಂದಾಚೆಗೆ ಆ ಕೈ ಪೂರ್ತಿ ನೆಟ್ಟಗಾಗಲೇ ಇಲ್ಲ. ನಮ್ಮ ಬೀದಿಯವರಿಗೆಲ್ಲ ಗೊತ್ತಿದ್ದ ವಿಷಯ. ನನಗಂತೂ ಚೆನ್ನಾಗಿಯೇ ಗೊತ್ತಿತ್ತು.

ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ, ಇನ್ನು ಆಯಿತು ಅಂದುಕೊಂಡಿದ್ದಾಗ, ಅವನು ರಣಜಿ ತಂಡಕ್ಕೆ ಆಯ್ಕೆಯಾದ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅವನ ಫೋಟೋ ಹಾಕಿ ಬ್ಯಾನರ್ ಕಟ್ಟಿದರು. ಮಂಡಿಯವರು ಲಾಡು ಹಂಚಿದರು. ಆಗ ನಾನು ಜಿಲ್ಲೆಯ ಒಂದು ಪತ್ರಿಕೆಗೆ ನಮ್ಮೂರಿನ ವರದಿಗಾರ. ಕೊಬ್ಬರಿ ದರ, ಬೋರನಕಣಿವೆ ಜಲಾಶಯಕ್ಕೆ ನೀರು ಬಂದದ್ದು, ಯಾರದೋ ಸನ್ಮಾನ, ಇಷ್ಟೇ ನನ್ನ ಪಾಲಿಗೆ. ಯಾವುದಕ್ಕೂ ನನ್ನ ಹೆಸರು ಹಾಕುತ್ತಿರಲಿಲ್ಲ.

ಮೊದಲ ಎರಡು ಮ್ಯಾಚಿನಲ್ಲಿ ಅಣ್ಣ ಹನ್ನೊಂದು ವಿಕೆಟ್ ತೆಗೆದ. ಮೂರನೆಯದು ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿತ್ತು, ನೋಡಲು ಹೊರಟೆ. ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ನಾನೂ ಬರುತ್ತೇನೆಂದು ಹೊರಟರು. ಅವರಿಗೆ ಕ್ರಿಕೆಟ್ಟಿನ ಗಂಧವಿರಲಿಲ್ಲ. ಹೊಸ ಸೀರೆ ಉಟ್ಟು, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದರು. ಗ್ಯಾಲರಿಯಲ್ಲಿ ನಾವಿಬ್ಬರು, ಅಲ್ಲಲ್ಲಿ ಇನ್ನೂ ಹತ್ತು ಹದಿನೈದು ಜನ. ಆಟಗಾರರು ಮಾತಾಡಿದರೂ ಕೇಳಿಸುವಷ್ಟು ಮೌನ.

ಅಣ್ಣನ ನಾಲ್ಕನೇ ಓವರಿನಲ್ಲಿ ಲೆಗ್ ಕಡೆ ನಿಂತಿದ್ದ ಅಂಪೈರು ಕೈ ಚಾಚಿ ನೋ ಬಾಲ್ ಕೊಟ್ಟರು. ಕಾಲು ಗೆರೆ ದಾಟಿದ್ದಕ್ಕಲ್ಲ. ಆ ಜಾಗದಿಂದ ಬಂದರೆ ಅರ್ಥ ಒಂದೇ: ಮಡಚಿದ ಮೊಣಕೈ ಬಿಚ್ಚಿ ಚೆಂಡನ್ನು ಎಸೆಯುತ್ತಿದ್ದಾನೆ, ಇದು ಬೌಲಿಂಗ್ ಅಲ್ಲ.

"ಅದೇನಪ್ಪ, ಕೈ ಚಾಚಿದ್ರು? ವಿಕೆಟ್ ಬಿತ್ತಾ?" ಅತ್ತಿಗೆ ಕೇಳಿದರು.

"ಹ್ಞೂ... ಏನೋ ಒಂದು," ಅಂದೆ.

ಅತ್ತಿಗೆ ಚಪ್ಪಾಳೆ ತಟ್ಟಿದರು. ಮರುಬಾಲಿಗೆ ಅಂಪೈರು ಮತ್ತೆ ಕೈ ಚಾಚಿದರು. ಅತ್ತಿಗೆ ಎದ್ದು ನಿಂತು ಇನ್ನೂ ಜೋರಾಗಿ ತಟ್ಟಿದರು. ಖಾಲಿ ಗ್ಯಾಲರಿಯಲ್ಲಿ ಅದು ಟಪಟಪ ಅಂತ ಮೈದಾನದ ಆಚೆಗೂ ಕೇಳಿಸಿತು. ಫೀಲ್ಡರುಗಳು ತಿರುಗಿ ನೋಡಿದರು. ಒಬ್ಬ ನಕ್ಕ. ಅಣ್ಣನೂ ನೋಡಿದ, ತಲೆ ತಗ್ಗಿಸಿದ. ಕ್ಯಾಪ್ಟನ್ ಬಂದು ಅವನ ಕೈಯಿಂದ ಚೆಂಡು ಇಸಿದುಕೊಂಡ. ಆ ಮ್ಯಾಚಿನಲ್ಲಿ ಅಣ್ಣ ಮತ್ತೆ ಬೌಲಿಂಗ್ ಮಾಡಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನ ಹೊರಗೆ ನಿಂತು ಪತ್ರಿಕೆಗೆ ಫೋನ್ ಮಾಡಿದೆ. ಸಂಪಾದಕರಿಗೆ ಖುಷಿಯೋ ಖುಷಿ. "ನಿಮ್ಮೂರಿನವನೇ ಅಲ್ವೇನ್ರೀ? ಮೊದಲನೇ ಪುಟಕ್ಕೆ ಕೊಡಿ. ನಿಮ್ಮ ಹೆಸ್ರಲ್ಲೇ ಹಾಕ್ತೀನಿ."

ಹೆಸರಿನಲ್ಲೇ ಹಾಕುತ್ತೇನೆ ಅಂದದ್ದು ತಲೆಗೆ ಹೋಯಿತು. ಬಸ್ಸಿನಲ್ಲಿ ಅತ್ತಿಗೆ ಪಕ್ಕದಲ್ಲಿ ಕೂತೇ ಫೋನಿನಲ್ಲಿ ಬರೆದೆ. ತಲೆಬರಹವನ್ನೂ ನಾನೇ ಕೊಟ್ಟೆ: ಇದು ಬೌಲಿಂಗೋ, ಕಲ್ಲೆಸೆತವೋ? ಹತ್ತು ವರ್ಷದ ಹುಡುಗನ ಮುರಿದ ಮೊಣಕೈ ವಿಷಯ ಒಂದು ವಾಕ್ಯದಲ್ಲಿ ಮುಗಿಯುತ್ತಿತ್ತು. ಟೈಪ್ ಮಾಡಿದ್ದೆ ಕೂಡ. ಓದಿ ನೋಡಿದರೆ ಅಲ್ಲಿಗೆ ಸುದ್ದಿಯೇ ಸಪ್ಪೆಯಾಗುತ್ತಿತ್ತು. ಅಳಿಸಿದೆ. ಅತ್ತಿಗೆ ಕಿಟಕಿಗೆ ತಲೆಯಾನಿಸಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು.

ಮಾರನೇ ದಿನ ಅತ್ತಿಗೆ ಪತ್ರಿಕೆ ಹಿಡಿದು ನಮ್ಮ ಬಾಗಿಲಿಗೆ ಬಂದರು. "ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ನಲ್ಲಪ್ಪ. ನೀನು ಪಕ್ದಲ್ಲೇ ಕೂತಿದ್ದೆ..." ಅಂದರು. ಅಷ್ಟೇ. ಪತ್ರಿಕೆಯನ್ನು ನಮ್ಮ ಜಗಲಿ ಮೇಲಿಟ್ಟು ಹೋದರು.

ಮೊಣಕೈ ಪರೀಕ್ಷೆ ಆಗುವವರೆಗೆ ಆಡುವ ಹಾಗಿಲ್ಲವೆಂದು ಅಣ್ಣನನ್ನು ವಾಪಸ್ ಕಳಿಸಿದರು. ನಾನು ಕೊಟ್ಟ ಪದವನ್ನು ಊರು ಕೈಬಿಡಲಿಲ್ಲ. ಮಂಡಿಯಲ್ಲಿ ಅವನು ಒಂದು ಕೊಬ್ಬರಿ ಗುಡ್ಡೆಗೆ ಹಾಕಿದರೆ ಸಾಕು, ಯಾರಾದರೂ ಕೈ ಚಾಚಿ "ನೋ ಬಾಲ್!" ಅನ್ನುತ್ತಿದ್ದರು. ತೋಟದ ಕಡೆ ಹೋದರೆ, "ಆ ಮರಕ್ಕೊಂದು ಕಲ್ಲು ಹೊಡಿ ಕಣಪ್ಪ, ಎಳನೀರು ಉದುರ್ಲಿ." ಬಸ್ಸಿನ ಕಂಡಕ್ಟರು ಕೂಡ ಅವನು ಹತ್ತುವಾಗ ಕೈ ಅಡ್ಡ ಚಾಚಿ ಹಲ್ಲು ಕಿರಿಯುತ್ತಿದ್ದ. ಲಾಡು ತಿಂದವರೇ ಎಲ್ಲ. ಅಣ್ಣ ನಗುತ್ತಿದ್ದ. ಆ ನಗು ನೋಡಿ ಅವರಿಗೆ ಇನ್ನಷ್ಟು ಧೈರ್ಯ ಬರುತ್ತಿತ್ತು.

ನನ್ನ ಮೇಲೆ ಅವನು ಕೂಗಾಡಲಿಲ್ಲ. ಒಂದು ದಿನ ಟೀ ಅಂಗಡಿಯಲ್ಲಿ ಪಕ್ಕಕ್ಕೆ ಬಂದು ಕೂತು, "ಬರ್ದಿದ್ದೇನೋ ಸರಿಯಾಗೇ ಇತ್ತು ಕಣ್ಲಾ. ಕೈದೊಂದು ವಿಷ್ಯ ಬಿಟ್ಟೋಗಿತ್ತು," ಅಂದ. ಜಾಗ ಸಾಲಲಿಲ್ಲ ಅಂದೆ. ನಂಬಿದ. ಅವನು ನಂಬಿದ್ದೇ ಇವತ್ತಿಗೂ...

ಪರೀಕ್ಷೆಯವರು ತೋಳಿಗೆಲ್ಲ ಸ್ಟಿಕ್ಕರ್ ಅಂಟಿಸಿ, ಸುತ್ತಲೂ ಕ್ಯಾಮೆರಾ ಇಟ್ಟು ಬೌಲಿಂಗ್ ಮಾಡಿಸಿದರಂತೆ. ಬೇಸಿಗೆಯಲ್ಲಿ ವರದಿ ಬಂತು. ಕೈ ಹಳೆಯ ಪೆಟ್ಟಿನಿಂದ ಬಾಗಿದೆ, ಬಾಗಿದ್ದು ಬಾಗಿದಂತೆಯೇ ಇರುತ್ತದೆ, ಬಿಚ್ಚುವುದಿಲ್ಲ, ಆದ್ದರಿಂದ ತಪ್ಪಿಲ್ಲ. ಆ ಹೊತ್ತಿಗೆ ಸೀಸನ್ ಮುಗಿದು, ಅವನ ಜಾಗಕ್ಕೆ ಬಂದ ಹುಡುಗ ಹೆಸರು ಮಾಡಿದ್ದ. ಅಣ್ಣ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಮ್ಮ ಮನೆಗೆ ಬಂದ.

"ಇದನ್ನೂ ಒಂದು ಹಾಕ್ಬುಡ್ಲಾ. ಚಿಕ್ಕದಾಗಿ ಬಂದ್ರೂ ಸಾಕು."

ಕಳಿಸಿದೆ. ಸಂಪಾದಕರು ಫೋನಿನಲ್ಲಿ, "ಹಳೇದಾಯ್ತಲ್ರೀ. ಯಾರು ಓದ್ತಾರೆ?" ಅಂದರು. ನಾನು ಒತ್ತಾಯ ಮಾಡಲಿಲ್ಲ. ಅಣ್ಣನಿಗೆ ಮಾತ್ರ "ನಾಳೆ ಬರುತ್ತೆ" ಅಂದೆ.

ಮಾರನೇ ಬೆಳಿಗ್ಗೆ ಅವನು ಬಸ್ ಸ್ಟ್ಯಾಂಡಿಗೆ ಹೋಗಿ, ಏಜೆಂಟ್ ಪತ್ರಿಕೆಯ ಕಟ್ಟು ಬಿಚ್ಚುವುದನ್ನೇ ಕಾದು ನಿಂತ. ಅಂದು ಬರಲಿಲ್ಲ. ನಾಳೆ ಅಂದೆ. ಹನ್ನೊಂದು ದಿನ ಹಾಗೆ ನಿಂತ. ಅಲ್ಲಿದ್ದವರಿಗೆ ಅದೂ ಒಂದು ಆಟವಾಯಿತು. ಅವನಿಗಿಂತ ಮೊದಲೇ ಪುಟ ತಿರುವಿ, "ಇಲ್ಲ ಕಣಣ್ಣ, ಥರ್ಡ್ ಅಂಪೈರು ಇನ್ನೂ ನೋಡ್ತಾವ್ರೆ," ಅನ್ನುತ್ತಿದ್ದರು. ನಾನು ಹಿಂದಿನ ಗಲ್ಲಿಯಿಂದ ಓಡಾಡಲು ಶುರುಮಾಡಿದೆ. ಹನ್ನೆರಡನೇ ದಿನ ಅವನು ಹೋಗಲಿಲ್ಲ. ಮುಂದಿನ ವರ್ಷದ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಮ್ಯಾಟಿನ ಮೇಲೆ ಬೌಲಿಂಗ್ ಮಾಡುವುದನ್ನೂ ಬಿಟ್ಟುಬಿಟ್ಟ.

ಮೂರು ವರ್ಷ ಕಳೆದ ಮೇಲೆ ಅವನಿಗೆ ಕಾಮಾಲೆಯಾಯಿತು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಣ್ಣು ಅರಿಶಿನದ ಹಾಗಿತ್ತು. ನೋಡಲು ಹೋದಾಗ ನರ್ಸು ಡ್ರಿಪ್ ಹಾಕುತ್ತಿದ್ದರು.

"ಕೈ ನೆಟ್ಟಗೆ ಮಾಡ್ರೀ."

"ಆಗಲ್ಲ ಸಿಸ್ಟರ್."

"ಬಿಗಿ ಹಿಡೀಬೇಡಿ, ನೆಟ್ಟಗೆ ಮಾಡ್ರೀ ಸುಮ್ನೆ," ಅಂದು ಅವರು ಮೊಣಕೈಯನ್ನು ಹಾಸಿಗೆಗೆ ಒತ್ತಿದರು. ಅಣ್ಣನ ಮುಖ ಕಿವುಚಿಕೊಂಡಿತು. ನನ್ನ ಕಡೆ ನೋಡಿ, "ನೀನಾದ್ರೂ ಹೇಳ್ಲಾ," ಅಂದ.

"ಅದು ನೆಟ್ಟಗಾಗಲ್ಲ ಸಿಸ್ಟರ್, ಚಿಕ್ಕೋನಿದ್ದಾಗ್ಲೇ ಮುರಿದಿದ್ದು," ಅಂದೆ. ನರ್ಸು ತಕ್ಷಣ ಕೈಬಿಟ್ಟು, ಎಡಗೈಗೆ ಹಾಕಿದರು.

ಅಣ್ಣ ಬಲಗೈಯನ್ನು ಎದೆಯ ಮೇಲೆ ಎಳೆದುಕೊಂಡ. ಆಮೇಲೆ, "ಒಂದೇ ಮಾತು. ಇಷ್ಟೇ ಅಲ್ವೇನ್ಲಾ," ಅಂದ.

ಆರು ದಿನಕ್ಕೆ ಹೋದ. ಬೌಲಿಂಗಿನಲ್ಲಿ ತಪ್ಪಿಲ್ಲವೆಂಬ ಸುದ್ದಿಗೆ ಜಾಗವಿಲ್ಲದ ಪತ್ರಿಕೆ ಸಾವಿಗೆ ಮೂರು ಕಾಲಂ ಕೊಟ್ಟಿತು. ನಾನೇ ಬರೆದೆ. ಮುರಿದ ಮೊಣಕೈ, ಪರೀಕ್ಷೆ, ವರದಿ, ಎಲ್ಲವನ್ನೂ ಕೊನೆಯ ಪ್ಯಾರಾದಲ್ಲಿಟ್ಟೆ. ಪುಟ ಮಾಡುವವರಿಗೆ ನಾಲ್ಕು ಸಾಲು ಹೆಚ್ಚಾಯಿತು, ಕೆಳಗಿನಿಂದ ಕತ್ತರಿಸಿದರು. ತಲೆಬರಹ ಹೀಗಿತ್ತು: ಕಲ್ಲೆಸೆತದ ಆರೋಪ ಹೊತ್ತಿದ್ದ ರಣಜಿ ಬೌಲರ್ ನಿಧನ. ಅದರ ಕೆಳಗೆ ನನ್ನ ಹೆಸರು. ಎರಡನೆಯ ಸಲ.

ಪತ್ರಿಕೆ ಬಿಟ್ಟೆ. ಈಗ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅತ್ತಿಗೆ ತವರೂರು ಹಂದನಕೆರೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಬಸ್ಸಿನಲ್ಲಿ ಆ ವಾಸನೆ ಬಂದ ದಿನ ಮನೆಗೆ ಹೋದವನೇ ಒಂದನ್ನೂ ಬಿಡದೆ, ಅಳಿಸಿದ ವಾಕ್ಯವನ್ನೂ ಸೇರಿಸಿ, ಎಲ್ಲ ಬರೆದೆ. ಹೋದ ಭಾನುವಾರ ಆ ಹಾಳೆಗಳನ್ನು ಹಂದನಕೆರೆಗೆ ತೆಗೆದುಕೊಂಡು ಹೋದೆ.

ಅತ್ತಿಗೆ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದರು. ಹೇಗಿದ್ದೀಯಪ್ಪ ಅಂತ ಕೇಳಿ, ಟೀ ಮಾಡಿ ಕೊಟ್ಟರು. ಹಾಳೆ ಮುಂದಿಟ್ಟು, "ಅಣ್ಣನ ವಿಷ್ಯ ಅತ್ತಿಗೆ. ಈ ಸಲ ಎಲ್ಲ ಇದೆ," ಅಂದೆ. ಮೇಲಿನ ಹಾಳೆಯನ್ನು ಒಂದು ಗಳಿಗೆ ನೋಡಿದರು.

"ಈಗ ಯಾರಿಗಪ್ಪ ಇದು?"

ಓದುತ್ತಾರೇನೋ ಎಂದು ಕಾದೆ. ಅವರು ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ, ಬಗ್ಗಿ, ಅಲುಗಾಡುತ್ತಿದ್ದ ಮಿಷನ್ನಿನ ಕಾಲಿನ ಕೆಳಗೆ ಸಿಕ್ಕಿಸಿದರು. ಕೈಯಿಂದ ಅಲುಗಿಸಿ ನೋಡಿದರು. ನಿಂತಿತು. ಹೊಲಿಯಲು ಶುರುಮಾಡಿದರು. ನಾನು ಟೀ ಕುಡಿದು ಮುಗಿಸಿ, ಬತ್ತೀನಿ ಅತ್ತಿಗೆ ಅಂದೆ. ಮಿಷನ್ನಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲವೋ ಏನೋ.