ಎದುರು ತಂಡದ ಮಹಾದೇವಕ್ಕ

ಹಾವಿನ ದ್ವೇಷ ಹನ್ನೆರಡು ವರುಷ ಎನ್ನುತ್ತಾರೆ. ಅಕ್ಕಿಆಲೂರಿನ ಖಾನಾವಳಿ ಮಹಾದೇವಕ್ಕನ ದ್ವೇಷಕ್ಕೆ ಇಪ್ಪತ್ತೆಂಟು ತುಂಬಿತ್ತು. ಹೊತ್ತುಹೊತ್ತಿಗೆ ಉಂಡು ಮೈಕೈ ತುಂಬಿಕೊಂಡು ಬೆಳೆದ ದ್ವೇಷ ಅದು. ಊರಿನ ಫುಟ್‌ಬಾಲ್ ತಂಡ ಶಿಗ್ಗಾಂವಿಯಲ್ಲಿ ಆಡಿದರೆ ಆಕೆ ಶಿಗ್ಗಾಂವಿಗೆ ಹೋಗುತ್ತಿದ್ದಳು, ಹಿರೇಕೆರೂರಿನಲ್ಲಿ ಆಡಿದರೆ ಎರಡು ಬಸ್ಸು ಬದಲಿಸಿಯಾದರೂ ಹಿರೇಕೆರೂರಿಗೆ ಹೋಗುತ್ತಿದ್ದಳು. ಹೋಗಿ ಎದುರು ತಂಡದವರ ನಡುವೆ ಕುಳಿತು, ಅವರು ಗೋಲು ಹೊಡೆದಾಗ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಆಮೇಲೆ ಫೋನು ತೆಗೆದು ಊರಲ್ಲಿದ್ದ ಅಪ್ಪನಿಗೆ ಹೇಳುತ್ತಿದ್ದಳು.

"ಅಪ್ಪಾ, ಒಂದು ಹಾಕಿದ್ರು ನೋಡು. ಸಾವ್ಕಾರನ ಮಂದಿ ಮಕ ಸಣ್ಣದು ಮಾಡ್ಕೊಂಡು ನಿಂತಾರ."

ಖಾನಾವಳಿಯ ಗಲ್ಲಾದ ಮೇಲೆ ಕುಳಿತ ಗುತ್ತೆಪ್ಪ ಆ ಕಡೆಯಿಂದ ಕೇಳುತ್ತಿದ್ದದ್ದು ಯಾವಾಗಲೂ ಒಂದೇ.

"ಗೋಲ್‌ಕೀಪರ ಯಾವ ಕಡೆ ಹಾರಿದ್ನವ್ವಾ?"

ಅಪ್ಪ ಮಗಳಿಗೆ ಈ ಆಟದ ಹುಚ್ಚು ಹಿಡಿದದ್ದು ಬೇರೆ ದಾರಿ ಇಲ್ಲದೆ. ಗುತ್ತೆಪ್ಪ ಆಗ ಊರ ಸಾವ್ಕಾರ ಚನ್ನವೀರಪ್ಪನ ಅಕ್ಕಿ ಗಿರಣಿಯಲ್ಲಿ ಹಮಾಲ. ಚೀಲ ಹೊತ್ತು ಹೊತ್ತು ಅಗಲವಾದ ಅಂಗೈ ನೋಡಿಯೇ ಅವನನ್ನು ಊರ ತಂಡದವರು ಗೋಲಿಗೆ ನಿಲ್ಲಿಸಿದ್ದರು. ಹೆಂಡತಿ ಅಡಿವೆವ್ವ ತೀರಿಕೊಂಡಾಗ ಮಗಳಿಗೆ ನಾಲ್ಕು ವರುಷ. ಮನೆಯಲ್ಲಿ ನೋಡಿಕೊಳ್ಳುವವರು ಇರಲಿಲ್ಲ, ಆದ್ದರಿಂದ ಸಂಜೆ ಆಟಕ್ಕೆ ಹೋಗುವಾಗ ಕರೆದುಕೊಂಡು ಹೋಗಿ ಗೋಲುಗಂಬದ ಹಿಂದೆ ಒಂದು ಗೋಣಿತಾಟಿನ ಮೇಲೆ ಕೂರಿಸುತ್ತಿದ್ದ. ಬೇರೆ ಮಕ್ಕಳು ಮಗ್ಗಿ ಕಲಿಯುವ ವಯಸ್ಸಿಗೆ ಈ ಹುಡುಗಿ ಯಾರು ಎಡಗಾಲಿನವರು, ಯಾರು ಬಲಗಾಲಿನವರು ಎಂದು ಕಲಿತಳು. ಚೆಂಡು ಹತ್ತಿರ ಬಂದಾಗ ಹಿಂದಿನಿಂದ "ಅಪ್ಪಾ, ಎಡಗಾಲು" ಎಂದು ಕೂಗುತ್ತಿದ್ದಳು, ಅವನು ತಿರುಗಿ ನೋಡದೆ ಆ ಕಡೆ ಹಾರುತ್ತಿದ್ದ. ಹಾನಗಲ್ಲ ತಾಲ್ಲೂಕಿನಲ್ಲಿ ನಾಲ್ಕು ಕಣ್ಣಿನ ಗೋಲ್‌ಕೀಪರ್ ಎಂದು ಅವನಿಗೆ ಹೆಸರು ಬಂದದ್ದು ಹೀಗೆ.

ಆ ಹೆಸರು ಮಣ್ಣುಪಾಲಾದದ್ದು ತೊಂಬತ್ತಾರರ ಫೈನಲ್‌ನಲ್ಲಿ. ಎದುರಾಳಿ ಸವಣೂರು, ಆಟ ಅಕ್ಕಿಆಲೂರಿನಲ್ಲೇ, ಗಿರಣಿಯ ಹಿಂದಿನ ಮೈದಾನದಲ್ಲಿ. ಎಲ್ಲ ಊರಲ್ಲಿ ಮೈದಾನದ ಗೆರೆಗಳನ್ನು ಸುಣ್ಣದ ಪುಡಿಯಿಂದ ಹಾಕಿದರೆ ಈ ಊರಲ್ಲಿ ಬೂದಿಯಿಂದ ಹಾಕುತ್ತಿದ್ದರು. ತಂಡದ ಅಧ್ಯಕ್ಷ ಚನ್ನವೀರಪ್ಪನ ಗಿರಣಿಯಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ ಗುಡ್ಡದಷ್ಟು ಬಿದ್ದಿರುವಾಗ ಸುಣ್ಣ ಯಾಕೆ ಕೊಳ್ಳಬೇಕು ಎಂಬುದು ಆತನ ಲೆಕ್ಕ. ಅವತ್ತು ಫೈನಲ್ ಎಂದು ಗೋಲಿನ ಗೆರೆಯನ್ನು ನಾಲ್ಕು ಬೆರಳು ದಪ್ಪ ಹಾಕಿಸಿದ್ದ. ಪಡುವಣ ಗಾಳಿ ಬೀಸುತ್ತಿತ್ತು. ಕೊನೆಯ ಹೊತ್ತಿನಲ್ಲಿ ಸವಣೂರಿನ ಬಂದೇಸಾಬ ಎಂಬ ಹುಡುಗ ಚೆಂಡಿನೊಡನೆ ಗೆರೆಯವರೆಗೆ ನುಗ್ಗಿ ಕಾಲು ಬೀಸಿದ. ಬೂದಿ ಎದ್ದು ಗುತ್ತೆಪ್ಪನ ಎರಡೂ ಕಣ್ಣಿಗೆ ಬಡಿಯಿತು. ಅವನು ಕಣ್ಣು ಉಜ್ಜಿಕೊಳ್ಳುವಷ್ಟರಲ್ಲಿ ಚೆಂಡು ಒಳಗೆ ಹೋಗಿತ್ತು.

"ಕಣ್ಣಾಗ ಬೂದಿ ಬಿತ್ರಿ, ಕಾಣಲಿಲ್ಲ" ಎಂದು ಗುತ್ತೆಪ್ಪ ಎಲ್ಲರ ಮುಂದೆ ಹೇಳಿದ. ಚನ್ನವೀರಪ್ಪ ಅದನ್ನು ಒಪ್ಪಿದರೆ ತನ್ನ ಜಿಪುಣತನದಿಂದ ಕಪ್ ಹೋಯಿತು ಎಂದು ಒಪ್ಪಿದಂತೆ. ಆತ ಮೈಕು ಹಿಡಿದು ಹೇಳಿದ: "ಬೂದಿ ಬಿದ್ದಿಲ್ಲ, ಏನೂ ಬಿದ್ದಿಲ್ಲ. ಗುತ್ತೆಪ್ಪ ಸವಣೂರಿನ ಎಲಿ ತಿಂದಾನ. ಚೆಂಡು ಮಾರ್‍ಕೊಂಡಾನ."

ಸವಣೂರಿನ ವೀಳ್ಯದೆಲೆ ಈ ಸೀಮೆಗೆಲ್ಲ ಪ್ರಸಿದ್ಧ, ಆದ್ದರಿಂದ ಮಾತು ಕೂಡಲೇ ನಾಲಗೆಗೆ ಹತ್ತಿತು. ಬಂದೇಸಾಬ ಒಳ್ಳೆಯ ಹುಡುಗ, ಮುಂದೆ ಬಂದು "ಸಾವ್ಕಾರ್ರ, ಬೂದಿ ಹಾರಿದ್ದು ಖರೇ ಐತ್ರಿ, ನನ್ನ ಕಾಲಿಂದಾನ ಹಾರೇತಿ" ಎಂದ. ಬೆಂಕಿಗೆ ತುಪ್ಪ ಸುರಿದಂತಾಯಿತು. ಗೆದ್ದವನೇ ಸೋತವನ ಪರ ಮಾತಾಡುತ್ತಾನೆ ಎಂದರೆ ಒಳಗೊಳಗೆ ಏನೋ ಇರಲೇಬೇಕು ಎಂದು ಊರು ತೀರ್ಮಾನಿಸಿತು. ಇಂಥ ತೀರ್ಮಾನಗಳಿಗೆ ಊರಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಗುತ್ತೆಪ್ಪ ಮರುದಿನವೇ ಗಿರಣಿ ಬಿಟ್ಟ. ಮೈದಾನಕ್ಕೆ ಮತ್ತೆ ಕಾಲಿಡಲಿಲ್ಲ. ಹಿರೇಕೆರೂರಿನಲ್ಲಿ ಮಗಳಿಗೆ ನಿಶ್ಚಯವಾಗಿದ್ದ ಸಂಬಂಧದವರು ಹದಿನೈದು ದಿನದಲ್ಲಿ ಹೇಳಿ ಕಳಿಸಿದರು, ಚೆಂಡು ಮಾರಿದವನ ಮನೆಯ ಹೆಣ್ಣು ನಮಗೆ ಬೇಡ ಎಂದು. ಹದಿನೆಂಟರ ಮಹಾದೇವಿ ಅಳಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಒಂದು ತಗಡಿನ ಶೆಡ್ಡು ಹಿಡಿದು ರೊಟ್ಟಿ ಬಡಿಯಲು ಕುಳಿತಳು. ಆಮೇಲೆ ಬಂದ ಸಂಬಂಧಗಳನ್ನು ಆಕೆಯೇ ತಿರುಗಿಸಿ ಕಳಿಸಿದಳು. ಎಣಗಾಯಿ ಮತ್ತು ಶೇಂಗಾ ಚಟ್ನಿಯಿಂದ ಆಕೆ ಮಹಾದೇವಕ್ಕ ಆದಳು, ಶೆಡ್ಡು ಖಾನಾವಳಿ ಆಯಿತು. ಊರವರು ಉಂಡು ಹೊಗಳಿದರು. ಉಂಡು ಹೊರಗೆ ಹೋಗಿ, ಹೊಸಬರಿಗೆ ಗಲ್ಲಾದ ಮೇಲೆ ಕುಳಿತವನನ್ನು ತೋರಿಸಿ "ಚೆಂಡು ಮಾರಿದ ಗುತ್ತೆಪ್ಪ ಅಂದ್ರ ಇವನ ನೋಡು" ಎಂದರು. ಬಡಿಸಿದವಳಿಗೆ ಅದು ಕೇಳಿಸುತ್ತಿತ್ತು.

ಆಕೆಗೆ ಬೇಕಾಗಿದ್ದು ಒಂದೇ. ಅಪ್ಪನ ಕಣ್ಣು ಮುಚ್ಚುವುದರೊಳಗೆ, ಆ ಮಾತು ಹೊರಟ ಬಾಯಿಂದಲೇ, ಅದೇ ಮೈದಾನದಲ್ಲಿ ಅದನ್ನು ವಾಪಸ್ಸು ತೆಗೆಸಬೇಕು. ಅಲ್ಲಿಯವರೆಗೆ ಎದುರು ತಂಡ ಯಾವುದೋ ಅದೇ ತನ್ನ ತಂಡ. ವಿಶ್ವಕಪ್ ಬಂದಾಗ ಗಿರಣಿಯ ಮೇಲೆ ಅರ್ಜೆಂಟೀನಾ ಬಾವುಟ ಏರಿದರೆ ಖಾನಾವಳಿಯ ಟಿ.ವಿ. ಮುಂದೆ ಅಪ್ಪ ಮಗಳು ಫ್ರಾನ್ಸಿನವರಾದರು. ಫ್ರಾನ್ಸ್ ಸೋತ ಮರುದಿನ ಖಾನಾವಳಿಯ ಪಲ್ಯಕ್ಕೆ ಉಪ್ಪಿರಲಿಲ್ಲ.

"ಬಿಡವ್ವಾ" ಎಂದು ಗುತ್ತೆಪ್ಪ ಆಗಾಗ ಹೇಳುತ್ತಿದ್ದ. "ಅವನ ಮಾತು ಅವನ ಹಂತ್ಯಾಕ ಇರ್‍ಲಿ. ನನಗೇನೂ ಅನಸೂದಿಲ್ಲ ಈಗ."

"ನನಗ ಅನಸತೈತಿ" ಎಂದು ಆಕೆ ರೊಟ್ಟಿ ತಿರುವುತ್ತಿದ್ದಳು.

ತಂಡಕ್ಕೆ ಐವತ್ತು ತುಂಬಿದ ವರುಷ ಊರಲ್ಲಿ ಸಂಭ್ರಮ ಮಾಡುವುದೆಂದಾಯಿತು. ಅವತ್ತು ಸವಣೂರಿನೊಡನೆ ಸ್ನೇಹದ ಪಂದ್ಯ, ಎಪ್ಪತ್ತಾರರ ಚನ್ನವೀರಪ್ಪನಿಗೆ ಸನ್ಮಾನ, ಮುಖ್ಯ ಅತಿಥಿಯಾಗಿ ಹಳೆಯ ಆಟಗಾರ ಬಂದೇಸಾಬ. ಇನ್ನೂರು ಮಂದಿಯ ಊಟಕ್ಕೆ ಹೇಳಲು ತಂಡದ ಕಾರ್ಯದರ್ಶಿ ಸಂಜಯ ಖಾನಾವಳಿಗೆ ಬಂದ. ತೊಂಬತ್ತಾರರಲ್ಲಿ ಹುಟ್ಟಿರದ ಹುಡುಗ, ಪಾಪ, ಯಾರ ಮನೆಗೆ ಬಂದಿದ್ದೇನೆಂದು ಅವನಿಗೆ ಗೊತ್ತಿಲ್ಲ. ಮಹಾದೇವಕ್ಕ ಊಟಕ್ಕೆ ಹೂಂ ಎಂದಳು. "ಸಾವ್ಕಾರ್ರ ಕೂಡ ಒಂದು ಮಾತು ಆಡಬೇಕಿತ್ತಪಾ" ಎಂದು ಅವನ ಹಿಂದೆಯೇ ಗಿರಣಿಗೆ ಹೋದಳು. ಇಪ್ಪತ್ತೆಂಟು ವರುಷದಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು.

ಚನ್ನವೀರಪ್ಪ ತಲೆ ಎತ್ತಿ ನೋಡಿ ಗಾಬರಿಯಾದ. ಆಕೆ ಸೆರಗು ಹೊದ್ದು ತಗ್ಗಿ ನಿಂತಳು.

"ಸಾವ್ಕಾರ್ರ, ಅವತ್ತ ನಮ್ಮಪ್ಪ ಬಿಟ್ಟ ಗೋಲು ಊರಿಗೆ ಒಂದು ಕಳಂಕ ಆಗೇತ್ರಿ. ಬಂದೇಸಾಬ್ರು ಹೆಂಗೂ ಬರಾಕತ್ತಾರ. ಅದ ಗೋಲು ಇನ್ನೊಮ್ಮೆ ಹೊಡೀಲಿ, ನೀವ ನಿಂತು ಹಿಡೀರಿ. ಊರ ಮಂದಿ ನೋಡ್ಲಿ."

ಮುದುಕನ ಮುಖ ಅರಳಿತು. ಗುತ್ತೆಪ್ಪನ ಮಗಳೇ ಬಂದು ಅಪ್ಪ ಗೋಲು ಬಿಟ್ಟ ಎನ್ನುತ್ತಿದ್ದಾಳೆ.

"ಈ ವಯಸ್ಸಿನ್ಯಾಗ ಹಿಡೀತೇನೇನವಾ?"

"ಬಂದೇಸಾಬ್ರು ಹಗರಕ ನೂಕ್ತಾರ್‍ರಿ. ಫೋಟೋಕ್ಕಷ್ಟ. ಮತ್ತ ಒಂದು ಮಾತು. ಗೆರಿನೂ ಅವತ್ತಿನಂಗ ನಿಮ್ಮ ಗಿರಣಿ ಬೂದೀಲೆ ಹೊಡಸ್ರಿ. ಈಗಿನ ಹುಡುಗೂರಿಗೆ ನಿಮ್ಮ ಕಾಲದ ಪದ್ಧತಿ ಎಲ್ಲಿ ಗೊತ್ತೈತ್ರಿ."

ಬೂದಿ ಎಂದಾಗ ಆತನಿಗೆ ಸಂಶಯ ಬರಬಹುದಿತ್ತು. ಬರಲಿಲ್ಲ. ಬೂದಿ ಕಣ್ಣಿಗೆ ಬೀಳುತ್ತದೆ ಎಂಬುದನ್ನೇ ಆತ ಮರೆತುಬಿಟ್ಟಿದ್ದ, ತಾನು ಹೇಳಿದ ಸುಳ್ಳು ಆತನಿಗೆ ಅಷ್ಟು ರೂಢಿಯಾಗಿತ್ತು.

ಸಂತೆಯ ದಿನ ಎಲೆ ಮಾರಲು ಬಂದ ಬಂದೇಸಾಬ ಎಂದಿನಂತೆ ಖಾನಾವಳಿಗೆ ಊಟಕ್ಕೆ ಬಂದ. ಐವತ್ಮೂರರ ಮನುಷ್ಯ, ಗಡ್ಡ ನರೆತಿತ್ತು. ಮಹಾದೇವಕ್ಕ ಎರಡನೇ ರೊಟ್ಟಿ ಹಾಕುತ್ತ ಎಲ್ಲ ಹೇಳಿದಳು. ಅವನು ತುತ್ತು ತಟ್ಟೆಯಲ್ಲೇ ಬಿಟ್ಟ.

"ಅಕ್ಕಾ, ಮುದುಕ ಅದಾನ. ಕಣ್ಣಿನ ವಿಷಯ."

"ನಮ್ಮಪ್ಪಗೂ ಕಣ್ಣು ಇದ್ವು, ಬಂದೇಸಾಬಣ್ಣ."

"ಅವತ್ತ ನಾ ಖರೇ ಹೇಳಿದ್ದಕ್ಕ ನಿಮ್ಮ ಮನಿ ಹಾಳಾತು" ಎಂದು ಅವನು ಬಿಟ್ಟ ತುತ್ತು ಎತ್ತಿದ. "ಎಲ್ಲಿ ನಿಂತು ಹೊಡೀಬೇಕು ಹೇಳು."

ಸಂಭ್ರಮದ ದಿನ ಗುತ್ತೆಪ್ಪ ಖಾನಾವಳಿ ಬಿಟ್ಟು ಬರಲಿಲ್ಲ. ಆಕೆಯೂ ಒತ್ತಾಯಿಸಲಿಲ್ಲ. ಮೈದಾನದ ಧ್ವನಿವರ್ಧಕದ ಒಂದು ಬಾಯಿ ಬಸ್‌ಸ್ಟ್ಯಾಂಡಿನ ಕಡೆಗೇ ಇತ್ತು, ಅದನ್ನು ಆಕೆ ಮುಂಜಾನೆಯೇ ನೋಡಿಕೊಂಡಿದ್ದಳು. ಗೆರೆಗಳು ಬೂದಿಯಲ್ಲಿ ನೆಟ್ಟಗೆ ಬಿದ್ದಿದ್ದವು. ಗೋಲಿನ ಗೆರೆ ನಾಲ್ಕು ಬೆರಳು ದಪ್ಪ. ರೊಟ್ಟಿಬುಟ್ಟಿ, ಪಲ್ಯದ ಪಾತ್ರೆ, ನೀರಿನ ಡ್ರಮ್ಮು ಎಲ್ಲವನ್ನೂ ಆಕೆ ಗೋಲುಗಂಬದ ಹತ್ತಿರವೇ ಇಳಿಸಿದಳು.

ಶಾಲು, ಹಾರ ಮುಗಿದವು. ಸಂಜಯ ಚನ್ನವೀರಪ್ಪನ ಕೊರಳಪಟ್ಟಿಗೆ ಸಣ್ಣ ಮೈಕು ಸಿಕ್ಕಿಸಿ, ಅಂದು ಬಿಟ್ಟ ಗೋಲನ್ನು ಅಧ್ಯಕ್ಷರು ಇಂದು ಹಿಡಿಯುತ್ತಾರೆ ಎಂದು ಸಾರಿದ. ಚನ್ನವೀರಪ್ಪ ಧೋತರ ಎತ್ತಿಕಟ್ಟಿ, ಕೈ ಚಾಚಿ, ಫೋಟೋದವನ ಕಡೆ ನೋಡುತ್ತ ನಿಂತ. ಬಂದೇಸಾಬ ಗಾಳಿಗೆ ಬೆನ್ನು ಕೊಟ್ಟು ಚೆಂಡು ತಳ್ಳಿಕೊಂಡು ಬಂದ, ಗೆರೆಯ ಮೇಲೆಯೇ ಕಾಲು ಬೀಸಿದ. ಬೂದಿ ಒಮ್ಮೆಲೇ ಎದ್ದಿತು.

"ಅಯ್ಯೋ, ಕಣ್ಣಾಗ ಬೂದಿ ಬಿತ್ತು" ಎಂದು ಧ್ವನಿವರ್ಧಕ ಊರಿಗೆಲ್ಲ ಹೇಳಿತು. "ಏನೂ ಕಾಣವಲ್ದು. ಯಾರರೆ ನೀರು ತರ್‍ರೋ."

ಕೆಲವರು ನಕ್ಕರು. ನಲವತ್ತು ದಾಟಿದವರು ಯಾರೂ ನಗಲಿಲ್ಲ. ಸಂಜಯ ವೇದಿಕೆಯ ಮೇಲಿನ ನೀರಿನ ಬಾಟಲಿ ಹಿಡಿದು ಓಡಿಬಂದ, ಬಂದೇಸಾಬ ಅವನ ರಟ್ಟೆ ಹಿಡಿದು ನಿಲ್ಲಿಸಿದ. ಮಹಾದೇವಕ್ಕ ಡ್ರಮ್ಮಿನಿಂದ ಚರಗಿ ತುಂಬಿಕೊಂಡು ಮುದುಕನ ಎದುರು ಹೋಗಿ ನಿಂತಳು.

"ನೀರು ಐತ್ರಿ ಸಾವ್ಕಾರ್ರ. ನನ್ನ ಕೈಯಾಗ ಐತಿ."

"ಲಗೂನ ಕೊಡವಾ ತಂಗಿ. ಉರಿಯಾಕತ್ತೈತಿ."

"ಚೆಂಡು ಎತ್ತಾಗ ಹೋತ್ರಿ?"

"ಕಾಣಲಿಲ್ಲ."

"ಯಾಕ ಕಾಣಲಿಲ್ಲ? ನೀವೂ ಸವಣೂರಿನ ಎಲಿ ತಿಂದೀರೇನು?"

ಈ ಸೀಮೆಯಲ್ಲಿ ಹಗೆಯವನು ಬಾಗಿಲಿಗೆ ಬಂದರೂ ಮೊದಲು ನೀರು ಕೊಟ್ಟು ಆಮೇಲೆ ಮಾತಾಡಿಸುತ್ತಾರೆ. ನೀರಿದ್ದೂ ಇಲ್ಲ ಎನ್ನುವುದಕ್ಕಿಂತ ದೊಡ್ಡ ಪಾಪ ಇಲ್ಲ. ಆಕೆಗೆ ಅದು ಗೊತ್ತಿತ್ತು, ನೋಡುತ್ತಿದ್ದ ಸಾವಿರ ಮಂದಿಗೂ ಗೊತ್ತಿತ್ತು. ಮುದುಕ ಗಾಳಿಯಲ್ಲಿ ಕೈಯಾಡಿಸಿ ಚರಗಿ ಹುಡುಕಿದ. ಆಕೆ ಒಂದು ಹೆಜ್ಜೆ ಹಿಂದೆ ಸರಿದಳು.

"ಮೊದಲ ಹೇಳ್ರಿ, ಆಮ್ಯಾಲ ನೀರು. ನಮ್ಮಪ್ಪ ಚೆಂಡು ಮಾರಿದ್ನೋ, ಇಲ್ಲೋ?"

ಕಣ್ಣಿಂದ ಕರಿನೀರು ಇಳಿದು ಚನ್ನವೀರಪ್ಪನ ಹೊಸ ಶಾಲಿನ ಮೇಲೆ ಬಿತ್ತು. ಉಸಿರು ಮೈಕಿನಲ್ಲಿ ದೊಡ್ಡದಾಗಿ ಕೇಳಿಸುತ್ತಿತ್ತು.

"ಇಲ್ಲ" ಎಂದ. "ಗುತ್ತೆಪ್ಪ ಎಲಿ ತಿಂದಿಲ್ಲ. ಅವನ ಕಣ್ಣಾಗ ಬೂದಿ ಬಿದ್ದಿತ್ತು. ನನ್ನ ಗಿರಣಿ ಬೂದಿ. ನಾ ಸುಳ್ಳು ಹೇಳಿದ್ನಿ. ನೀರು ಕೊಡವಾ."

ಆಕೆ ಕೊಟ್ಟಳು. ಆತನ ತಲೆ ಹಿಡಿದು, ರೆಪ್ಪೆ ಬಿಡಿಸಿ, ಮೂರು ಚರಗಿ ನೀರು ತಾನೇ ಹೊಯ್ದಳು. ಮರುಕದಿಂದ ಅಲ್ಲ, ಸುಳ್ಳು ಯಾಕೆ ಹೇಳಬೇಕು, ಹಿಗ್ಗಿನಿಂದ. ಇನ್ನೂರು ಮಂದಿಗೂ ಬಡಿಸಿ, ಯಾರ ಮುಖವನ್ನೂ ನೋಡದೆ ಖಾಲಿ ಬುಟ್ಟಿ ಹೊತ್ತು ಹೊರಟಳು. ಪಂದ್ಯದಲ್ಲಿ ಯಾರು ಗೆದ್ದರೆಂದು ಅವತ್ತು ಆಕೆ ಕೇಳಲಿಲ್ಲ.

ಖಾನಾವಳಿ ಹತ್ತಿರವಾದಂತೆ ಆಕೆ ಹೆಜ್ಜೆ ನಿಧಾನ ಮಾಡಿದಳು. ಬಿಡವ್ವಾ, ಬಿಡವ್ವಾ ಎಂದು ಇಪ್ಪತ್ತೆಂಟು ವರುಷ ಹೇಳುತ್ತ ಬಂದ ಮನುಷ್ಯ ಅಪ್ಪ. ಕುರುಡಾಗಿ ನಿಂತ ಮುದುಕನಿಗೆ ನೀರು ಕೊಡದೆ ಆಟವಾಡಿಸಿದ್ದು ಅವನ ಕಿವಿಗೆ ಬಿದ್ದಿದೆ. ಊರು ಏನು ಬೇಕಾದರೂ ಅಂದುಕೊಳ್ಳಲಿ, ಅಪ್ಪನ ಬೈಗುಳಕ್ಕೆ ಮಾತ್ರ ಆಕೆ ಹೆದರಿದ್ದಳು.

ಗುತ್ತೆಪ್ಪ ಗಲ್ಲಾದ ಮೇಲಿರಲಿಲ್ಲ. ಬಾಗಿಲ ಹೊರಗೆ, ಧ್ವನಿವರ್ಧಕದ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕುಳಿತಿದ್ದ. ಎರಡೂ ಅಂಗೈ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಿದ್ದ. ಮಗಳು ಬುಟ್ಟಿ ಇಳಿಸಿ ಎದುರು ನಿಂತಳು.

"ಕೇಳಿದ್ಯಾ ಅಪ್ಪಾ?"

"ಕೇಳಿದ್ನಿ."

"ಸಿಟ್ಟು ಬಂತೇನು?"

"ಬಂತು" ಎಂದ ಗುತ್ತೆಪ್ಪ. "ಯಾಕವ್ವಾ, ಅಷ್ಟು ಲಗೂನ ನೀರು ಕೊಟ್ಟಿ?"