ಅಧ್ಯಕ್ಷರ ಎರಡು ಮಾತು

ಸೌದಿ ಅರೇಬಿಯಾದ ಯಾನ್ಬುವಿನ ನಮ್ಮ ಕನ್ನಡ ಕೂಟಕ್ಕೆ ಪ್ರತಿ ವರ್ಷ ಚುನಾವಣೆ ನಡೆಯುತ್ತಿತ್ತು, ಪ್ರತಿ ವರ್ಷ ಹಳೆಯ ಅಧ್ಯಕ್ಷರೇ ಮತ್ತೆ ಅಧ್ಯಕ್ಷರಾಗುತ್ತಿದ್ದರು. ಬೇರೆ ಯಾರೂ ನಿಲ್ಲುತ್ತಿರಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು, ಮೈಕನ್ನು ತಟ್ಟಿ, "ಎರಡೇ ಮಾತು ಹೇಳಿ ಮುಗಿಸ್ತೇನೆ" ಎಂದು ಅವರು ಶುರು ಮಾಡಿದರೆ, ಬಿರಿಯಾನಿ ತಂದವನು ಪಾತ್ರೆಯ ಮುಚ್ಚಳವನ್ನು ಮತ್ತೆ ಮುಚ್ಚಿಬಿಡುತ್ತಿದ್ದ.

ನಮ್ಮಲ್ಲಿ ಬೈಂದೂರಿನ ಒಬ್ಬ ವೆಲ್ಡರ್ ಇದ್ದ. ತಂಗಿಯ ಮದುವೆಗೆ ಊರಿಗೆ ಹೋಗಲು ಅವನ ಯಜಮಾನ, ಅಂದರೆ ಕಫೀಲ್, ರಜೆ ಕೊಡುತ್ತಿರಲಿಲ್ಲ. "ಹೆದರಬೇಡ, ನಾನು ಮಾತಾಡ್ತೇನೆ" ಎಂದು ಅಧ್ಯಕ್ಷರು ಅವನನ್ನೂ ಕರೆದುಕೊಂಡು ಹೊರಟರು. ಕಾರು ಓಡಿಸಿದವನು ನಾನು.

ಕಫೀಲ್ ಕಾಫಿ ಕೊಟ್ಟು ಆದರದಿಂದ ಕೂರಿಸಿದ. ಅಧ್ಯಕ್ಷರು ಎದ್ದು ನಿಂತರು. ಅವರಿಗೆ ಬರುತ್ತಿದ್ದ ಅರಬಿ ಬೇಗ ಮುಗಿಯಿತು. ಆಮೇಲೆ ಇಂಗ್ಲಿಷಿಗೆ ಇಳಿದರು, ಅಲ್ಲಿಂದ ಕನ್ನಡಕ್ಕೆ. ಕರಾವಳಿಯ ಸಂಸ್ಕೃತಿ, ಯಕ್ಷಗಾನ, ಅಣ್ಣತಂಗಿಯರ ಬಾಂಧವ್ಯ, ಎಲ್ಲವೂ ಬಂತು. ಕಫೀಲ್ ಮೊದಲು ನಕ್ಕ, ಆಮೇಲೆ ಗಡಿಯಾರ ನೋಡಿದ, ಕೊನೆಗೆ ದಿಕ್ಕುತೋಚದೆ ನನ್ನ ಮುಖ ನೋಡಿದ. ವೆಲ್ಡರ್ ಮೆಲ್ಲಗೆ ರಜೆಯ ಅರ್ಜಿಯನ್ನು ಮುಂದಿಟ್ಟ.

"ಖಲಾಸ್! ಖಲಾಸ್!" ಎಂದು, ಸಾಕು ನಿಲ್ಲಿಸಿ ಎನ್ನುವಂತೆ ಕೈಯೆತ್ತಿ ಕೂಗಿ ಕಫೀಲ್ ಸಹಿ ಹಾಕಿದ.

ಕಾರಿನಲ್ಲಿ ವೆಲ್ಡರ್ ಅಧ್ಯಕ್ಷರ ಕೈ ಹಿಡಿದುಕೊಂಡು ಅತ್ತುಬಿಟ್ಟ. ಅವರ ಮುಖ ಮಾತ್ರ ಬಾಡಿತ್ತು.

"ಎಂತ ಸರ್, ಕೆಲಸ ಆಯ್ತಲ್ಲ?" ಎಂದೆ.

"ಆಯ್ತು ಮಾರಾಯ. ಆದ್ರೆ ಆ ಮನುಷ್ಯ ಪೂರ್ತಿ ಕೇಳಲೇ ಇಲ್ಲ. ನಾನು ರಜೆಯ ವಿಷಯಕ್ಕೆ ಇನ್ನೂ ಬಂದೇ ಇರ್ಲಿಲ್ಲ!"