ಬಟ್ಟಿ ತಿಕ್ಕುವ ಗುರುಬಸವ್ವನ ಹೊಟ್ಟೆನೋವು

ನನ್ನ ಅತ್ತೆ ಗುರುಬಸವ್ವ ಗಲಗಲಿಯಲ್ಲಿ ಬಟ್ಟಿ ತಿಕ್ಕುವವರು. ಹೊಕ್ಕುಳ ಬಳಿಯ ‘ಬಟ್ಟಿ’ ಎಂಬ ಗಂಟು ಜಾಗ ಬಿಟ್ಟು ಸರಿದರೆ ಹೊಟ್ಟೆ ನೋಯುತ್ತದೆ, ಎಣ್ಣೆ ಹಚ್ಚಿ ಒತ್ತಿ ಅದನ್ನು ಕೂರಿಸಬೇಕು ಎಂಬುದು ಇಲ್ಲಿಯ ನಂಬಿಕೆ. ಬೀಳಗಿಯಿಂದಲೂ ಜನ ಬರುತ್ತಿದ್ದರು. ಬೆಳಗಾವಿಯಲ್ಲಿ ಓದಿ ಬಂದ ನನಗೆ, ಅವರು ಯಾರ ಹೊಟ್ಟೆ ಒತ್ತಿದರೂ ಅಂಜಿಕೆ. ನನ್ನ ಕೂಸನ್ನಂತೂ ಮುಟ್ಟಗೊಡುತ್ತಿರಲಿಲ್ಲ.

"ದೊಡ್ಡ ಸಾಲಿ ಕಲತಾಳವ್ವಾ, ಇಕಿ ಕೂಸಿಗೆ ಗಾಳಿನೂ ತಾಕಬಾರದು!" ಎಂದು ಓಣಿಗೆಲ್ಲ ಕೇಳುವಂತೆ ಅನ್ನುತ್ತಿದ್ದರು.

ತಮ್ಮ ಹೊಟ್ಟೆಯನ್ನು ಮಾತ್ರ ಅವರು ವಿಚಾರಿಸಿದವರಲ್ಲ. ಹೊಲದಲ್ಲಿ ಮರೆಯಿಲ್ಲವೆಂದು ಹಗಲೆಲ್ಲ ನೀರು ಕುಡಿಯದೆ, ಕತ್ತಲಾಗುವ ತನಕ ತಡೆದುಕೊಂಡೇ ಪ್ರಾಯ ಕಳೆದವರು. ಮನೆಯಲ್ಲಿ ಪಾಯಖಾನೆ ಕಟ್ಟಿಸಿದ ಮೇಲೂ ಆ ರೂಢಿ ಹೋಗಲಿಲ್ಲ.

ಆ ಸಲ ಕಬ್ಬಿನ ಹಂಗಾಮಿನಲ್ಲಿ ನನ್ನ ಗಂಡ ಬಸವಕುಮಾರ ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದರು. ಕೂಸಿಗೆ ಹಲ್ಲು ಬರುತ್ತಿದ್ದವು, ನನಗೆ ನಿದ್ದೆಯೆಂಬುದೇ ಮರೆತಿತ್ತು. ಒಂದು ಮಧ್ಯಾಹ್ನ ಅತ್ತೆ ಹೊಟ್ಟೆ ಹಿಡಿದುಕೊಂಡು ಚಾಪೆಯ ಮೇಲೆ ಉರುಳಿದರು.

"ಬಟ್ಟಿ ಸರದೈತಿ. ಎಣ್ಣಿ ತಗೊಂಬಾ, ನಾ ಹೇಳಿದಂಗ ನೀ ಒತ್ತು."

"ನನ್ನ ಕಡೆ ಆಗಂಗಿಲ್ರಿ ಅತ್ತಿ."

"ನನ್ನ ಬಟ್ಟಿ ನಾನ ತಿಕ್ಕೊಳ್ಳಾಕ ಬರತೈತೇನಬೇ? ಒತ್ತು!"

ಎಣ್ಣೆ ಹಚ್ಚಿ ಕೈಯಿಟ್ಟೆ. ಎಡಗಡೆ ಕೆಳಹೊಟ್ಟೆ ಕಲ್ಲಿನಂತೆ ಬಿಗಿದಿತ್ತು, ಮೈ ಕಾದ ಹಂಚು. ತುಸು ಒತ್ತಿದ್ದಕ್ಕೇ ಚೀರಿದರು. ಆಮೇಲೆ ಹಲ್ಲು ಕಚ್ಚಿ, "ಇನ್ನೂ ಜೋರ" ಎಂದರು. ನಾನು ಕೈ ತೆಗೆದುಬಿಟ್ಟೆ. ಪಕ್ಕದ ಮನೆಯ ಭಾಗವ್ವನನ್ನು ಕೂಗಿ ಟಂಟಂ ಗಾಡಿ ತರಿಸಿದೆ.

"ಊರ ಹೊಟ್ಟಿ ತಿಕ್ಕಾಕಿ ದವಾಖಾನಿಗೆ ಹೊಂಟಳಂತ ನಗತಾರ" ಎಂದು ಅತ್ತೆ ದಾರಿಯುದ್ದಕ್ಕೂ ನರಳಿದರು.

ಜಮಖಂಡಿಯ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದರು: "ದೊಡ್ಡ ಕರುಳಿನ ಗ್ವಾಡಿಯೊಳಗ ಸಣ್ಣ ಸಣ್ಣ ಚೀಲ ಆಗ್ಯಾವ. ಹಳೇ ಸೈಕಲ್ ಟ್ಯೂಬು ತೆಳ್ಳಗಾದಲ್ಲಿ ಉಬ್ಬತೈತಲ್ಲ, ಹಂಗ. ಭಾಳ ಮಂದಿಗೆ ಇರತಾವ, ಗೊತ್ತೂ ಆಗೂದಿಲ್ಲ. ಇವರದೊಂದು ಚೀಲ ಬಾತು ಕೀವಾಗೈತಿ. ಒಡದ್ರ ಜೀವಕ್ಕ ಅಪಾಯ. ಇಂಜೆಕ್ಷನ್ನಿಗೆ ಜ್ವರಾ ಇಳೀಲಿಲ್ಲಂದ್ರ ಆಪರೇಷನ್ನ. ಹೊಟ್ಟಿ ಒತ್ತಿಲ್ಲ ಹೌದಲ್ಲೋ?"

"ತುಸು…" ಎಂದೆ. ನನ್ನ ಕೈ ಆಗಲೂ ಎಣ್ಣೆ ಎಣ್ಣೆಯಾಗಿತ್ತು.

ಅಲ್ಲಿಂದ ಕಾಯುವುದೇ ಕೆಲಸವಾಯಿತು. ಸಲೈನ್ ಬಾಟಲಿ ನೋಡು, ಕೂಸಿಗೆ ಹಾಲು ಕೊಡು, ಅತ್ತೆಯ ಹಣೆ ಮುಟ್ಟು. ಸುಡುತ್ತಲೇ ಇತ್ತು. ಕೂತಲ್ಲೇ ತೂಕಡಿಸಿ, ಒಡೆದೇಹೋಯಿತೆಂದು ಬೆಚ್ಚಿ ಏಳುತ್ತಿದ್ದೆ. ಕಡೆಗೊಂದು ಬೆಳಿಗ್ಗೆ ಹಣೆ ತಣ್ಣಗಿತ್ತು. ಆಪರೇಷನ್ ಬೇಡ, ಚೀಲಗಳು ಮಾತ್ರ ಹೋಗುವುದಿಲ್ಲ ಎಂದರು ಡಾಕ್ಟರು. ನನಗೆ ಅಳುವುದಕ್ಕೂ ತ್ರಾಣವಿರಲಿಲ್ಲ.

ಅವತ್ತೇ, ಪಕ್ಕದ ಹಾಸಿಗೆಯ ಮುದುಕನ ಆರೈಕೆಗೆ ಸಾವಳಗಿಯಿಂದ ಬಂದಿದ್ದ ಮಗಳು ಅತ್ತೆಯ ಹತ್ತಿರ ಬಂದಳು. "ಯವ್ವಾ, ಬಟ್ಟಿ ತಿಕ್ಕತೀರಂತಲ್ಲ? ನಿನ್ನೆಯಿಂದ ನನಗ ಹೊಟ್ಟಿ ನೋಯಾಕತ್ತೈತ್ರಿ."

ಅತ್ತೆ ಸೂಜಿಯಿಲ್ಲದ ಕೈ ಚಾಚಿದರು.

"ಅತ್ತೀ!"

"ಒದರಬ್ಯಾಡ. ಮುಟ್ಟಾಕತ್ತೇನಿ, ಒತ್ತಾಕತ್ತಿಲ್ಲ." ಹೊಟ್ಟೆ ಮುಟ್ಟಿದರು, ಹಣೆ ಮುಟ್ಟಿದರು. "ಮೈ ಕಾದೈತಿ. ಇದು ತಿಕ್ಕೂದಲ್ಲ, ಡಾಕ್ಟರ್‌ಗ ತೋರಸು."

"ನಿಮ್ಮ ಕೈಗುಣ ಛಲೋ ಅಂತಾರ್ರಿ…"

"ಕೈಗುಣ ಛಲೋ ಐತಂತನ ಇಲ್ಲಿ ಬಂದು ಬಿದ್ದೇನಿ. ಹೋಗಬೇ!"

ಆಕೆ ಡಾಕ್ಟರನ್ನು ಹುಡುಕಿಕೊಂಡು ಹೋದಳು. ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು.